ಅರ್ಧಕ್ಕೇ ನಿಲ್ಲುವ ಹಿಡಿಕೆ

ಗುರುವಾರ ಬೆಳಿಗ್ಗೆ ಷೆಡ್ಡಿನಲ್ಲಿ ಹೆಂಡತಿಯ ಬೈಕನ್ನು ಒರೆಸುತ್ತಿದ್ದ ಎರಲ್ ಫಿನ್ಲೇಸನ್ನನ ಬಲಗೈಯೊಳಗೆ ಎಕ್ಸಲರೇಟರಿನ ಹಿಡಿಕೆ ತಿರುಗಿತು. ತಿರುಗುವುದು ಅದರ ಧರ್ಮ, ಅದಕ್ಕೆ ಯಾರೂ ಬೆಚ್ಚುವುದಿಲ್ಲ. ಆದರೆ ಅದು ನಿಲ್ಲಬೇಕಾದ ಕಡೆ ನಿಲ್ಲಲಿಲ್ಲ. ಎಲ್ಲಿ ನಿಲ್ಲಬೇಕೆಂಬುದು ಎಂಟು ತಿಂಗಳ ಅಭ್ಯಾಸದಿಂದ ಅವನ ಮಣಿಕಟ್ಟಿಗೆ ಗೊತ್ತಿತ್ತು, ಕಣ್ಣು ಮುಚ್ಚಿದರೂ ಮನೆಯ ಮೆಟ್ಟಿಲು ಮುಗಿದದ್ದು ಕಾಲಿಗೆ ಗೊತ್ತಾಗುವ ಹಾಗೆ. ಮುಗಿಯಿತೆಂದು ಇಟ್ಟ ಕಾಲಿನ ಕೆಳಗೆ ಇನ್ನೊಂದು ಮೆಟ್ಟಿಲು ಸಿಕ್ಕರೆ ಹೊಟ್ಟೆಯಲ್ಲಿ ಏನಾಗುತ್ತದೋ ಅದೇ ಅವನಿಗೆ ಆಯಿತು. ಹಿಡಿಕೆ ಒರೆಸುವ ಬಟ್ಟೆಯ ಸಮೇತ ಇನ್ನೂ ಅಷ್ಟೇ ದೂರ ಹೋಗಿ, ಮೊಣಕೈಯನ್ನು ಪಕ್ಕೆಗೆ ತಾಗಿಸಿ, ಆಮೇಲೆ ಸಾವಕಾಶವಾಗಿ ನಿಂತಿತು. ಅವನು ಬಟ್ಟೆ ಬಿಟ್ಟು, ಪಕ್ಕದಲ್ಲೇ ನಿಂತಿದ್ದ ತನ್ನ ಬೈಕಿನ ಹಿಡಿಕೆಯನ್ನು ತಿರುಗಿಸಿದ. ಅರ್ಧಕ್ಕೆ ಬಂದು ಗೋಡೆಗೆ ತಗುಲಿದಂತೆ ಟಕ್ಕೆಂದಿತು. ಮತ್ತೆ ತಿರುಗಿಸಿದ. ಟಕ್. ಹೆಂಡತಿಯದಕ್ಕೆ ಬಂದ. ಅದು ರಾಜಾರೋಷವಾಗಿ ಕೊನೆಯ ತನಕ ಹೋಯಿತು. ಷೆಡ್ಡಿನ ಹೊರಗೆ ಬೇಲಿಯ ಮೇಲೆ ಕೂತ ಹಕ್ಕಿಗಳು ಕೂಗುತ್ತಿದ್ದವು. ಹಾಕ್‌ಡನ್ ಬೆಟ್ಟದ ನೆತ್ತಿಯ ಮೇಲೆ ಆ ವರ್ಷದ ಮೊದಲ ಹಿಮ ಬಿದ್ದಿತ್ತು. ಇಷ್ಟು ಚಳಿಯಲ್ಲಿ ಭೂಮಿಯ ಮೇಲೆ ಬೆವರುತ್ತಿದ್ದ ಏಕೈಕ ಪ್ರಾಣಿ ಎರಲ್ ಫಿನ್ಲೇಸನ್.

ಎರಡೂ ಒಂದೇ ಹೊಟ್ಟೆಯ ಅವಳಿಗಳು. ದೂರದ ಊರುಗಳಿಗೂ ಆಗಬೇಕು, ತಿರುವುಗಳಲ್ಲಿ ಬಾಗುವುದಕ್ಕೂ ಆಗಬೇಕು ಎನ್ನುವವರಿಗಾಗಿ ಮಾಡಿದ ಮಧ್ಯಮ ಗಾತ್ರದ ಬೈಕು. ಅದನ್ನೇ ಕಂಪನಿಯವರು ಎರಡು ಬಗೆಯಲ್ಲಿ ಕೊಡುತ್ತಾರೆ. ಒಂದು ಪೂರ್ತಿ ಲೈಸೆನ್ಸಿನವರಿಗೆ. ಇನ್ನೊಂದು ಕಲಿಯುವವರಿಗೆ: ಅದೇ ಚೌಕಟ್ಟು, ಅದೇ ಎಂಜಿನ್ನು, ಅದೇ ಬೂದಿ ಬಣ್ಣ, ಉಸಿರು ಮಾತ್ರ ಅರ್ಧಕ್ಕೆ ಕಟ್ಟಿಟ್ಟದ್ದು. ಎಲ್ ಬೋರ್ಡಿನವರು ಕಾನೂನಿನ ಪ್ರಕಾರ ಎರಡನೆಯದನ್ನು ಬಿಟ್ಟು ಇನ್ನೊಂದನ್ನು ಮುಟ್ಟುವಂತಿಲ್ಲ. ಎರಲ್ ಎರಡನ್ನೂ ಒಂದೇ ದಿನ ಕೊಂಡು ತಂದ. ತಂದ ಸಂಜೆಯೇ, ಮರ್ಯಾದಸ್ಥರ ಬೈಕಿನ ಮೇಲೆ ಸಂತೆಯ ಹಾಗೆ ಬರಹಗಳಿರಬಾರದೆಂದು ಘೋಷಿಸಿ, ಹೆಂಡತಿ ಜಾಸ್ಲಿನ್‌ಳ ಕೂದಲು ಒಣಗಿಸುವ ಯಂತ್ರದಿಂದ ಬಿಸಿಗಾಳಿ ಊದಿ ಊದಿ ಎರಡರ ಮೈಮೇಲಿನ ಸ್ಟಿಕ್ಕರುಗಳನ್ನೂ ಕಿತ್ತ. ಬಾಲದ ಹತ್ತಿರ ಒಂದಕ್ಕೆ ಮಾತ್ರ ಇದ್ದ, ಯಾವುದು ಯಾವುದೆಂದು ಹೇಳುವ ಸಣ್ಣ ಅಕ್ಷರವೂ ಮಿಕ್ಕವುಗಳ ಜೊತೆ ಉಂಡೆಯಾಗಿ ಕಸದ ಬುಟ್ಟಿ ಸೇರಿತು. ಆಮೇಲೆ ಒಳಗೆ ಹೋಗಿ ಚಹಾ ಕುಡಿದ. ಬಂದವನು ಬಾಗಿಲ ಹತ್ತಿರ ನಿಂತಿದ್ದಕ್ಕೆ ತನ್ನ ಸಾಮಾನಿನ ಪೆಟ್ಟಿಗೆಗಳನ್ನು ಜೋಡಿಸಿದ, ಒಳಗಡೆ ನಿಂತಿದ್ದಕ್ಕೆ ಅವಳ ಎಲ್ ಬೋರ್ಡು ಕಟ್ಟಿದ. ಬಾಗಿಲ ಹತ್ತಿರದ್ದು ತನ್ನದೇ ಎಂದು ಅವನಿಗೆ ಯಾರು ಹೇಳಿದ್ದರು? ಯಾರೂ ಇಲ್ಲ. ಮನೆಯಲ್ಲಿ ದೊಡ್ಡ ಕುರ್ಚಿ ತನ್ನದೆಂದು ಅವನಿಗೆ ಯಾರು ಹೇಳಿದ್ದರೋ ಅವರೇ ಹೇಳಿರಬೇಕು.

ಆ ಅರ್ಧ ಉಸಿರಿನ ಗಾಡಿಯ ಮೇಲೆ ಕೂತು ಅವನು ಎಂಟು ತಿಂಗಳು ಏನೇನು ಹೇಳಿಕೊಂಡು ಬಂದ ಎನ್ನುವುದು ಅವರ ಊರಾದ ರ‍್ಯಾನ್‌ಫರ್ಲಿಯ ಸುತ್ತಲಿನ ಅಷ್ಟೂ ಕುರಿಗಳಿಗೆ ಬಾಯಿಪಾಠವಾಗಿತ್ತು. ಇಪ್ಪತ್ತು ವರ್ಷ ಬೇಲಿ ಕಂಬ ನೆಡುತ್ತ ಬೈಕು ಮುಟ್ಟದೆ ಇದ್ದವನು ಮತ್ತೆ ಹತ್ತಿದ್ದ. ಹೋಲಿಸಿ ನೋಡುವುದಕ್ಕೆ ಅವನ ಮಣಿಕಟ್ಟಿನಲ್ಲಿ ಹಳೆಯ ನೆನಪೇ ಇರಲಿಲ್ಲ. ಪ್ರತಿ ಗುರುವಾರ ಸೇರಿ, ತಮ್ಮನ್ನು ಗುರುವಾರದವರು ಎಂದು ಕರೆದುಕೊಳ್ಳುತ್ತಿದ್ದ, ಕೆಲಸ ಬಿಟ್ಟವರ, ಮಂಡಿ ನೋವಿನವರ ಬೈಕು ಕೂಟದಲ್ಲಿ ಡಗಲ್ ಮಕ್ರೇ ಒಮ್ಮೆ, "ಹೆಂಗೆ ಎಳೆಯುತ್ತೋ ಅದು?" ಎಂದು ಕೇಳಿದಾಗ ಎರಲ್ ಕಣ್ಣು ಅರ್ಧ ಮುಚ್ಚಿ, "ಕಣ್ಣೀರು ಕಿವಿ ಒಳಗೆ ಹೋಗುತ್ತೆ ಮಾರಾಯ, ಅಷ್ಟೇ ಹೇಳ್ತೀನಿ," ಎಂದಿದ್ದ. ಸುಳ್ಳಲ್ಲ. ಅವನ ಮಟ್ಟಿಗೆ ಹೋಗಿತ್ತು. ಅದೇ ಈಗ ಅವನನ್ನು ಚುಚ್ಚುತ್ತಿದ್ದದ್ದು: ಒಂದೇ ಒಂದು ಸುಳ್ಳು ಹೇಳದೆ ಮನುಷ್ಯ ಇಷ್ಟು ದೊಡ್ಡ ಸುಳ್ಳಾಗಬಹುದೇ? ಹೊಗಳಿಕೊಂಡದ್ದು ಹೋಗಲಿ, ಫೆಬ್ರವರಿಯಲ್ಲಿ ಲಿಂಡಿಸ್ ಘಾಟಿಯ ಏರಿನಲ್ಲಿ, ಒಣಹುಲ್ಲು ಚಿನ್ನದ ಹಾಗೆ ಹೊಳೆಯುತ್ತಿದ್ದ ಮಧ್ಯಾಹ್ನ, ಹಿಂದೆ ಬರುತ್ತಿದ್ದ ಜಾಸ್ಲಿನ್ ಇದ್ದಕ್ಕಿದ್ದಂತೆ ಗುಂಡು ಹಾರಿದ ಹಾಗೆ ಅವನನ್ನು ದಾಟಿ ಹೋದಳಲ್ಲ. ನೆತ್ತಿಯ ಮೇಲೆ ಅವನು ತಲುಪುವಾಗ ಅವಳು ಹೆಲ್ಮೆಟ್ಟನ್ನು ಮಡಿಲಲ್ಲಿಟ್ಟುಕೊಂಡು ಕಲ್ಲಿನ ಮೇಲೆ ಕೂತಿದ್ದಳು. ಕೈಗಳನ್ನು ತೊಡೆಯ ಕೆಳಗೆ ಸೇರಿಸಿಕೊಂಡಿದ್ದಳು. "ಇದು ನನ್ನ ಕೈಗೆ ಸಿಗ್ತಾ ಇಲ್ಲ ಎರಲ್. ಒಂಚೂರು ಮುಟ್ಟಿದ್ರೆ ಓಡ್ಹೋಗುತ್ತೆ." ಅವನು ಹೆಲ್ಮೆಟ್ಟು ತೆಗೆದು, ಗಾಳಿಗೆ ಕೂದಲು ಸರಿಪಡಿಸಿಕೊಂಡು ಹೇಳಿದ್ದ: "ಕಲಿಯೋರ ಗಾಡಿ ಕಣೇ ಅದು. ಅದೇ ಕೈಗೆ ಸಿಗಲ್ಲ ಅಂದ್ರೆ..." ಮಾತು ಮುಗಿಸಿರಲಿಲ್ಲ. ಮುಗಿಸದೆ ಬಿಟ್ಟದ್ದೇ ದೊಡ್ಡತನವೆಂದು ಆಗ ಅನ್ನಿಸಿತ್ತು. ಆಗ ಎದೆಯ ಒಂದು ಮೂಲೆಯಲ್ಲಿ, ಬೆಣ್ಣೆ ಕರಗುವಷ್ಟು ಸಣ್ಣ ಸುಖವೊಂದು ಹಾದುಹೋದದ್ದು ಅವನಿಗೆ ಈಗ, ಷೆಡ್ಡಿನ ಎಣ್ಣೆವಾಸನೆಯಲ್ಲಿ ನಿಂತು, ಚೆನ್ನಾಗಿ ನೆನಪಾಯಿತು. ಊರವರ ಕೂದಲಿಗೆ ಕತ್ತರಿ ಹಿಡಿದ ಕೈ ಅವಳದು. ರ‍್ಯಾನ್‌ಫರ್ಲಿಯಲ್ಲಿ ಅವಳ ಮುಂದೆ ತಲೆ ಬಗ್ಗಿಸದವರೆಂದರೆ ಬೋಳರು ಮಾತ್ರ. ಅಂಥ ಕೈಗೆ ಅವನು ಎಂಟು ತಿಂಗಳು, ಹೀಗೆ ಹಿಡಿ, ಹಾಗೆ ಹಿಡಿ ಎಂದು ಪಾಠ ಹೇಳಿದ್ದ.

ಅವತ್ತು ಮಧ್ಯಾಹ್ನ ಅಲೆಕ್ಸಾಂಡ್ರದಲ್ಲಿ ಅವಳ ಲೈಸೆನ್ಸಿನ ಪರೀಕ್ಷೆ. ಪಾಸಾದರೆ ಎಲ್ ಬೋರ್ಡು ಕಳಚುತ್ತದೆ. ಈ ಗಾಡಿಯಲ್ಲಿ ಹೋದರೆ ಪರೀಕ್ಷೆಯವರು ನಂಬರು ನೋಡಿದ ಕ್ಷಣವೇ, ಇದು ಕಲಿಯುವವರ ಗಾಡಿಯಲ್ಲವೆಂದು ವಾಪಸು ಕಳಿಸುತ್ತಾರೆ, ಮೇಲೆ ದಂಡ. ಅವಳಿಗೆ ಹೇಳಬೇಕು. ಹೇಳಿದರೆ ದಾರಿಯ ಬೇಕರಿಯಲ್ಲಿ ಕಾಯುತ್ತಿರುವ ಗುರುವಾರದವರಿಗೂ ಗೊತ್ತಾಗುತ್ತದೆ. ಡಗಲ್‌ಗೆ ಗೊತ್ತಾದದ್ದು ಡುನೀಡನ್‌ವರೆಗೂ ಹೋಗುತ್ತದೆ, ಅಲ್ಲಿನ ಬಂದರಿನಿಂದ ಹಡಗು ಹತ್ತುತ್ತದೆ. ಇಲ್ಲದಿದ್ದರೆ ಇನ್ನೊಂದು ದಾರಿ ಇತ್ತು, ಮತ್ತು ಆ ದಾರಿ ಎಷ್ಟು ಸಲೀಸಾಗಿತ್ತೆಂದರೆ ಅವನ ಕೈಗಳು ಅವನನ್ನು ಕೇಳದೆಯೇ ಹೊರಟುಬಿಟ್ಟವು. ತನ್ನ ಪೆಟ್ಟಿಗೆಗಳನ್ನು ಬಿಚ್ಚಿ ಅವಳದಕ್ಕೆ ಸಿಕ್ಕಿಸಿದ. ಅವಳ ಎಲ್ ಬೋರ್ಡು ಬಿಚ್ಚಿ ತನ್ನದಕ್ಕೆ ಕಟ್ಟಿದ. ಬೀಗದಕೈಗಳ ಗೊಂಚಲು ಅದಲುಬದಲು ಮಾಡಿದ. ಎರಡೂ ಇಷ್ಟು ದಿನ ಜೊತೆಜೊತೆಗೇ ಓಡಿದ್ದವು, ಓಡಿದ ಕಿಲೋಮೀಟರೂ ಹೆಚ್ಚುಕಡಿಮೆ ಒಂದೇ, ನಂಬರನ್ನು ಅವಳು ಎಂದೂ ಗಮನಿಸಿದವಳಲ್ಲ. ಭೂಮಿ ತಿರುಗುತ್ತಿತ್ತು, ಹಕ್ಕಿಗಳು ಕೂಗುತ್ತಿದ್ದವು, ಜಗತ್ತು ಮತ್ತೆ ಸರಿಹೋಗಿತ್ತು. ಅವಳಿಗೆ ಮೆತ್ತನೆಯ ಗಾಡಿ ಸಿಗುತ್ತದೆ, ಪಾಸಾಗುತ್ತಾಳೆ. ಇದರಲ್ಲಿ ಯಾರಿಗೆ ನಷ್ಟ?

ಜಾಸ್ಲಿನ್ ಬಾಯಲ್ಲಿ ಟೋಸ್ಟು ಕಚ್ಚಿಕೊಂಡು, ಜಾಕೀಟಿನ ಜಿಪ್ಪು ಎಳೆಯುತ್ತ ಬಂದಳು.

"ಏನೋ ಇಷ್ಟು ಹೊಳಪು? ನಮ್ಮ ಮದುವೆ ದಿನ ನಿನ್ನ ಬೂಟೂ ಹಿಂಗೆ ಹೊಳೀತಿರ್ಲಿಲ್ಲ."

"ಪರೀಕ್ಷೆಯವರು ಮೊದಲು ನೋಡೋದೇ ಗಾಡೀನ."

"ಬೆವರಿದೀಯಲ್ಲೋ."

"ಒರೆಸೋದು ಅಂದ್ರೆ ಸುಮ್ನೆ ಅನ್ಕೊಂಡ್ಯಾ?"

ಅವಳು ಟೋಸ್ಟಿನ ಕೊನೆಯ ತುಂಡನ್ನು ಅವನ ಬಾಯಿಗೆ ತುರುಕಿದಳು. ಕೈಗವಸು ಹಾಕಿಕೊಳ್ಳುತ್ತ, ಅವನ ಮುಖ ನೋಡದೆ ಹೇಳಿದಳು: "ಇವತ್ತೊಂದಿನ ನೋಡ್ತೀನಿ. ಆಗ್ಲಿಲ್ಲ ಅಂದ್ರೆ ಮಾರ್ಬಿಡೋಣ ಇದನ್ನ. ನಿನ್ನ ಹಿಂದೆ ಕೂತ್ಕೊಂಡು ಬರ್ತೀನಿ. ಕೈಕಾಲು ಅಲ್ಲಾಡಿಸದೆ, ಮೂಟೆ ಥರ."

ಎರಲ್ ಟೋಸ್ಟು ನುಂಗಿ, ಬೀಗದಕೈಯನ್ನು ಅವಳ ಕೈಗಿಟ್ಟ.

ಮನೆಯ ಗೇಟು ದಾಟುವ ಮೊದಲೇ ಎರಲ್‌ಗೆ ಎಂಟು ತಿಂಗಳಿನಿಂದ ಅವಳು ಹೇಳುತ್ತಿದ್ದದ್ದು ಏನೆಂದು ಅರ್ಥವಾಯಿತು. ದಿನಾ ತಿರುಗಿಸುವಷ್ಟೇ ತಿರುಗಿಸಿದ್ದ. ಗಾಡಿ ಅವನನ್ನು ಅಲ್ಲೇ ಬಿಟ್ಟು ಅಂಚೆ ಡಬ್ಬಿಯ ಕಡೆ ಹಾರಿತು. ಅವನು ಹಿಂದಿನಿಂದ ಹೇಗೋ ಅದರ ಜೊತೆಗೆ ಬಂದು ಸೇರಿಕೊಂಡ. ಹೆದ್ದಾರಿಯ ಉದ್ದಕ್ಕೂ, ಹಳದಿಯಾದ ವಿಲೋ ಮರಗಳ ನಡುವೆ, ಅವನು ಆ ಹಿಡಿಕೆಯನ್ನು ಮೊಟ್ಟೆ ಹಿಡಿದ ಹಾಗೆ ಹಿಡಿದು, ಎದುರಿಗೆ ಹೋಗುತ್ತಿದ್ದ ಹೆಂಡತಿಯ ಬೆನ್ನನ್ನೇ ನೋಡುತ್ತ ಹೋದ. ಅವಳ ಭುಜಗಳು ಯಾವಾಗಲೂ ಕಿವಿಯ ಹತ್ತಿರ ಇರುತ್ತಿದ್ದವು, ಇವತ್ತು ಕೆಳಗಿಳಿದಿದ್ದವು. ಎಂಥ ಚಂದದ ಸವಾರಿ ಅವಳದು, ತಿರುವಿಗೆ ಮೊದಲು ಕಣ್ಣು ಹೋಗುತ್ತಿತ್ತು, ಆಮೇಲೆ ಭುಜ, ಆಮೇಲೆ ಗಾಡಿ. ಇದನ್ನು ಅವಳಿಗೆ ಅವನು ಕಲಿಸಿರಲಿಲ್ಲ. ಅವನಿಗೇ ಬರುತ್ತಿರಲಿಲ್ಲ. ಓಡಿಹೋಗುವ ಗಾಡಿಯನ್ನು ಹಿಡಿದು ಹಿಡಿದು ತಾನೇ ಕಲಿತದ್ದು. ಅವನಿಂದ ಒಂದು ಮೇಕೆಯ ಮೇಲೂ ಮಾಡಲಾಗದ ದರ್ಬಾರನ್ನು ಅವಳು ಹುಲಿಯ ಮೇಲೆ ಕೂತು ಮಾಡಿದ್ದಳು, ಮತ್ತು ತನ್ನನ್ನು ತಾನೇ ದಡ್ಡಿ ಎಂದುಕೊಂಡಿದ್ದಳು. ಅವನು ಹೆಲ್ಮೆಟ್ಟಿನೊಳಗೆ ಗಟ್ಟಿಯಾಗಿ, "ನೋಡಿದ್ಯಾ, ನೋಡಿದ್ಯಾ," ಎಂದುಕೊಂಡ. ಯಾರಿಗೆ ಹೇಳಿದನೋ. ಇಷ್ಟು ಹೆದರಿಕೆ, ಇಷ್ಟು ನಾಚಿಕೆ, ಇವೆರಡರ ಅಡಿಯಲ್ಲಿ ಗುಟ್ಟಾಗಿ ಇನ್ನೊಂದು ಏನೋ ಉಕ್ಕುತ್ತಿತ್ತು. ಸಂತೋಷವೆಂದು ಅದನ್ನು ಗುರುತಿಸಲು ಅವನಿಗೆ ಇನ್ನೊಂದು ಊರು ದಾಟಬೇಕಾಯಿತು. ಆದರೆ ಅವಳು ಆಗಾಗ ತಲೆ ಬಗ್ಗಿಸಿ ಎಂಜಿನ್ನಿನ ಕಡೆ ನೋಡುತ್ತಿದ್ದಳು, ಜ್ವರ ಬಂದ ಮಗುವನ್ನು ನೋಡುವ ಹಾಗೆ.

ಓಮಕಾವ್ ಬೇಕರಿಯ ಮುಂದೆ ಗುರುವಾರದವರ ಬೈಕುಗಳು ಸಾಲಾಗಿ ನಿಂತಿದ್ದವು. ಅವರು ಬೆಂಚಿನ ಮೇಲೆ ಮಟನ್ ತುಂಬಿ ಬೇಯಿಸಿದ ಪೈ ಊದಿಕೊಂಡು ತಿನ್ನುತ್ತಿದ್ದರು. ಜಾಸ್ಲಿನ್ ಹೆಲ್ಮೆಟ್ಟು ತೆಗೆದವಳೇ ಹೇಳಿದಳು:

"ಇದಕ್ಕೇನೋ ಆಗಿದೆ. ಉಸಿರೇ ಇಲ್ಲ."

ಬೈಕಿಗೆ ಕಾಯಿಲೆ ಎನ್ನುವುದು ಆ ಬೆಂಚಿಗೆ ಹಬ್ಬವಿದ್ದಂತೆ. ಡಗಲ್ ಪೈಯನ್ನು ಕೆಳಗಿಟ್ಟ. ಸತ್ತರೂ ಪೈ ಕೆಳಗಿಡದ ಮನುಷ್ಯ.

"ಪೆಟ್ರೋಲಲ್ಲಿ ನೀರು ಸೇರಿರುತ್ತೆ," ಎಂದ.

"ಗಾಳಿ ಪೆಟ್ಟಿಗೇಲಿ ಇಲಿ ಗೂಡು ಕಟ್ಟಿರತ್ತೆ," ಎಂದಳು ಮೆರಿಯಾನ. ಶಾಲೆಯ ಬಸ್ಸು ಓಡಿಸಿ ನಿವೃತ್ತಳಾದವಳು, ಕೂಟದ ಮುಂದಾಳು. ಅವಳು ಕೂಗಿದರೆ ಈಗಲೂ ಐವತ್ತು ವರ್ಷದ ಗಂಡಸರು ಕಿಟಕಿಯಿಂದ ಕೈ ಒಳಗೆ ಎಳೆದುಕೊಳ್ಳುತ್ತಾರೆ. "ನಮ್ಮಣ್ಣನ ಗಾಡೀಲಿ ಮರಿ ಸಮೇತ ಇತ್ತು."

"ನೀನು ಇದನ್ನ ಬಟ್ಟೇಲಿ ಒರೆಸಿದ್ಯಾ, ಪೈಪಲ್ಲಿ ನೀರು ಹೊಡೆದ್ಯೇನೋ?" ಡಗಲ್ ಎರಲ್‌ನ ಕಡೆ ತಿರುಗಿದ. "ನೀರು ಹೊಡೆದಿದೀಯ. ಮುಖ ನೋಡಿದ್ರೇ ಗೊತ್ತಾಗುತ್ತೆ."

"ಇಲ್ಲ ಕಣೋ," ಎಂದ ಎರಲ್.

"ಏನೇ ಆಗಿರ್ಲಿ," ಜಾಸ್ಲಿನ್ ಫೋನು ತೆಗೆದಳು. "ಕಾಯಿಲೆ ಗಾಡಿ ಮೇಲೆ ನಾನು ಪರೀಕ್ಷೆ ಕೊಡಲ್ಲ. ಬರಲ್ಲ ಅಂತ ಹೇಳ್ಬಿಡ್ತೀನಿ." ನಂಬರು ಹುಡುಕುತ್ತ ಅವಳ ದನಿ ಸಣ್ಣದಾಯಿತು, ಬೇರೆಯವರಿಗೆ ಕೇಳದ ಹಾಗೆ, ಎರಲ್‌ಗೆ ಮಾತ್ರ. "ಗಾಡಿ ಸರಿ ಇದೆಯೇನೋ. ನನ್ನ ಕೈಯೇ ಹಿಂಗೇನೋ. ಓಡಿದ್ರೂ ಗೊತ್ತಾಗಲ್ಲ, ನಿಂತ್ರೂ ಗೊತ್ತಾಗಲ್ಲ. ಬಿಟ್ಬಿಡೋಣ ಎರಲ್. ಸಾಕು."

ಅವಳ ಹೆಬ್ಬೆರಳು ಫೋನಿನ ಮೇಲೆ ಇಳಿಯುತ್ತಿತ್ತು. ಹೆಬ್ಬೆರಳು ಇಳಿಯುವುದಕ್ಕೆ ಎಷ್ಟು ಹೊತ್ತು ಬೇಕು? ಅಷ್ಟರೊಳಗೆ ಎರಲ್ ಫಿನ್ಲೇಸನ್ ಇಡೀ ಒಂದು ಜನ್ಮ ಬದುಕಿದ. ಬೇಕರಿಯ ಗಾಜಿನಲ್ಲಿ ತನ್ನ ಜಾಕೀಟನ್ನು ನೋಡಿದ, ಅದರೊಳಗಿನ ಗಂಡಸನ್ನು ನೋಡಿದ, ಆ ಗಂಡಸು ಮುಂದಿನ ಹತ್ತು ವರ್ಷ ಇದೇ ಬೆಂಚಿನಲ್ಲಿ ಕೂತು ಪೈ ತಿನ್ನುವುದನ್ನೂ, ಅವನ ಬೈಕಿನ ಹಿಂದಿನ ಸೀಟಿನಿಂದ ಒಂದು ಮೂಟೆ ಇಳಿಯುವುದನ್ನೂ ನೋಡಿದ. ಕೈ ಚಾಚಿ ಫೋನನ್ನು ಮುಚ್ಚಿದ.

"ಗಾಡಿ ಸರಿಯಾಗಿದೆ. ಅದು ಇರೋದೇ ಹಂಗೆ. ಅದು ಕಲಿಯೋರ ಗಾಡಿ."

"ಅಯ್ಯೋ ಅದು ನಂಗೂ ಗೊತ್ತು."

"ಗೊತ್ತಿಲ್ಲ. ಇವತ್ತಿನವರೆಗೂ ನೀನು ಅದರ ಮೇಲೆ ಕೂತೇ ಇರ್ಲಿಲ್ಲ. ನಾನು ಕೂತಿದ್ದೆ."

ಕೂಟದಲ್ಲಿ ಎಲ್ಲರೂ ಒಟ್ಟಿಗೆ ಸುಮ್ಮನಾದದ್ದು ಅದೇ ಮೊದಲು, ಬೇಕರಿಯವಳು ಏನಾಯಿತೆಂದು ಬಾಗಿಲಿಗೆ ಬಂದಳು. ಅವನು ಹೇಳಿದ: ಸ್ಟಿಕ್ಕರು ಕಿತ್ತದ್ದು, ಚಹಾ ಕುಡಿದದ್ದು, ಪೆಟ್ಟಿಗೆ ಕಟ್ಟಿದ್ದು. ಇವತ್ತು ಬೆಳಿಗ್ಗೆ ಹಿಡಿಕೆ ತಿರುಗಿದ್ದು. ಆಮೇಲೆ ಕಷ್ಟದ್ದನ್ನೂ ಹೇಳಿದ, ಗುಟ್ಟಾಗಿ ಅದಲುಬದಲು ಮಾಡಿದ್ದನ್ನು. ಹೇಳುತ್ತಿದ್ದ ಹಾಗೆ ತನ್ನ ದನಿ ಯಾರದೋ ಎಂಬಂತೆ ಅವನಿಗೆ ದೂರದಿಂದ ಕೇಳಿಸುತ್ತಿತ್ತು, ಮತ್ತು ಆ ಯಾರೋ ತನಗಿಂತ ವಾಸಿ ಎನ್ನಿಸುತ್ತಿತ್ತು.

"ಅಂದ್ರೆ," ಡಗಲ್ ಬಹಳ ಮರ್ಯಾದೆಯಿಂದ ಕೇಳಿದ, "ಕಣ್ಣೀರು ಕಿವಿ ಒಳಗೆ ಹೋಗಿದ್ದು..."

"ಕಲಿಯೋರ ಗಾಡಿ ಮೇಲೆ."

"ಬಲಗಿವೀನೋ ಎಡಗಿವೀನೋ?"

ಬೆಂಚು ಒಡೆಯಿತು. ನಿಜವಾಗಿ ಒಡೆಯಿತೆಂದರೂ ತಪ್ಪಿಲ್ಲ, ಒಂದು ಕಾಲು ಅವತ್ತಿನಿಂದ ಅಲ್ಲಾಡುತ್ತಿದೆ. ಡಗಲ್ ನಕ್ಕು ನಕ್ಕು ಗೋಡೆ ಹಿಡಿದುಕೊಂಡ, ಯಾರದೋ ಪೈ ನಾಯಿಯ ಪಾಲಾಯಿತು, ಬೇಕರಿಯವಳು ಕಿವಿಯ ಕಥೆ ಗೊತ್ತಿಲ್ಲದೆಯೇ ನಕ್ಕಳು. ಎರಲ್ ಕಾದ, ಎದೆ ಕುಸಿಯಬಹುದೆಂದು. ಕುಸಿಯಲಿಲ್ಲ. ಅವನು ಇಷ್ಟು ದಿನ ಹೆದರಿದ್ದು ಈ ಸದ್ದಿಗೇ ಆದರೆ, ಇದು ಮಳೆ ಬಿದ್ದ ಸದ್ದಿಗಿಂತ ಕೆಟ್ಟದಾಗೇನೂ ಇರಲಿಲ್ಲ. ಅವನು ನೋಡುತ್ತಿದ್ದದ್ದು ನಗದೆ ನಿಂತಿದ್ದ ಒಬ್ಬಳನ್ನೇ.

ಜಾಸ್ಲಿನ್ ತನ್ನ ಎರಡೂ ಅಂಗೈಗಳನ್ನು ಎದುರಿಗೆ ಹಿಡಿದು ನೋಡಿಕೊಳ್ಳುತ್ತಿದ್ದಳು.

"ಲಿಂಡಿಸ್‌ನಲ್ಲಿ," ಎಂದಳು. "ನಾನು ನಿನ್ನ ದಾಟಿದ ದಿನ. ನೀನು ಎಷ್ಟು ತಿರುಗಿಸಿದ್ದೆ?"

"ಪೂರ್ತಿ."

"ಪೂರ್ತಿ?"

"ಕೈ ನೋಯೋಷ್ಟು."

"ನಾನು ಇಷ್ಟೇ ಇಷ್ಟು ತಿರುಗಿಸಿದ್ದೆ." ಬೆರಳುಗಳ ನಡುವೆ ಕೂದಲೆಳೆಯಷ್ಟು ಜಾಗ ತೋರಿಸಿದಳು. ತುಟಿಯ ಒಂದು ತುದಿ ಮೇಲಕ್ಕೆ ಹೋಗುತ್ತಿತ್ತು, ಅವಳು ಅದನ್ನು ಕೆಳಗೆ ಎಳೆಯುತ್ತಿದ್ದಳು. "ಎಂಟು ತಿಂಗಳು ನಾನು ಅದನ್ನ ಹಿಡ್ಕೊಂಡಿದ್ದೆ. ಅದನ್ನ. ನಾನು." ಆಮೇಲೆ ಅವನ ಕಡೆ ತಿರುಗಿದಳು. "ನಿನ್ನ ಮೇಲೆ ಸಿಟ್ಟು ಬಂದಿದೆ. ತುಂಬ ಬಂದಿದೆ. ಬೆಳಿಗ್ಗೆ ಬಾಯಿ ಬಿಡದೆ ನನ್ನ ಕೈಲಿ ಟೋಸ್ಟು ತಿಂದ್ಯಲ್ಲ, ಅದಕ್ಕೆ. ಭಾನುವಾರಕ್ಕೆ ಇಟ್ಕೋತೀನಿ. ಇವತ್ತು ಪುರುಸೊತ್ತಿಲ್ಲ." ಹೆಲ್ಮೆಟ್ಟು ಹಾಕಿಕೊಂಡು, ಉಸಿರಿಲ್ಲದ ಗಾಡಿಯನ್ನು ಕರುವನ್ನು ಎಬ್ಬಿಸುವ ಹಾಗೆ ಎಬ್ಬಿಸಿ ಹೊರಟಳು. ಕೂಟವೆಲ್ಲ ಪೈ ಬಿಟ್ಟು ಅವಳ ಹಿಂದೆ ಹೊರಟಿತು. ಅಲೆಕ್ಸಾಂಡ್ರಕ್ಕೆ ಹೋಗುವ ದಾರಿ ಅಂಥ ಮೆರವಣಿಗೆಯನ್ನು ಹಿಂದೆ ಕಂಡಿರಲಿಲ್ಲ.

ಪರೀಕ್ಷೆಯವನು ಕಾರಿನಲ್ಲಿ ಹಿಂದೆ ಬರುತ್ತ, ಅವಳ ಕಿವಿಗೆ ಸಿಕ್ಕಿಸಿದ ರೇಡಿಯೋದಲ್ಲಿ ಎಡ, ಬಲ ಎಂದು ಹೇಳುತ್ತಿದ್ದನಂತೆ. ಅವರು ಊರು ಸುತ್ತಿ ಬರುವವರೆಗೆ ಗುರುವಾರದವರು ಎದುರಿನ ಪಾರ್ಕಿನ ಗೋಡೆಯ ಮೇಲೆ ಕಾಲು ಇಳಿಬಿಟ್ಟು ಕೂತರು. ಎರಲ್ ಕೂರಲಿಲ್ಲ. ತನ್ನ ಮದುವೆಯ ದಿನವೂ, ಮಗಳು ಹುಟ್ಟಿದ ದಿನವೂ ನಡೆದಿರದಷ್ಟು ಹೆಜ್ಜೆ ಆ ಗೋಡೆಯ ಉದ್ದಕ್ಕೂ ನಡೆದ. ಆ ಮೂಲೆಯಿಂದ ಬೂದಿ ಬಣ್ಣದ ಗಾಡಿ ತಿರುಗಿ ಬಂದಾಗ ಅವಳು ನಿಂತದ್ದು, ಕಾಲು ಕೆಳಗಿಟ್ಟದ್ದು, ಪರೀಕ್ಷೆಯವನು ಕಾರಿನಿಂದ ಇಳಿದು ಏನೋ ಹೇಳಿದ್ದು, ಅವಳು ತಲೆ ಆಡಿಸಿದ್ದು, ಎಲ್ಲವೂ ನೀರಿನೊಳಗಿನಿಂದ ಕಂಡಂತೆ ಕಂಡಿತು. ಅವಳು ಬಗ್ಗಿ ಗಾಡಿಯ ಹಿಂದಿನಿಂದ ಏನನ್ನೋ ಬಿಚ್ಚಿದಳು. ಆ ಹಳದಿ ಎಲ್ ಬೋರ್ಡನ್ನು ಅವಳು ತಲೆಯ ಮೇಲೆ ಎತ್ತಿ ಹಿಡಿದಾಗ ಪಾರ್ಕಿನ ಬಾತುಕೋಳಿಗಳೆಲ್ಲ ನದಿಗೆ ಹಾರಿದವು. ಕೂಟದ ಕೂಗಿಗೆ ಹಾರದೆ ಇರುವ ಬಾತು ಇನ್ನೂ ಹುಟ್ಟಿಲ್ಲ.

"ಏನಂದ?" ಎಂದು ಎರಲ್ ಕೇಳಿದ.

"ಎಲ್ಲಿ ಕಲಿತ್ರಿ ಅಂದ."

"ನೀನು?"

"ಪೂರ್ತಿ ಗಾಡಿ ಮೇಲೆ ಅಂತ ಬಾಯಿಗೆ ಬಂದ್ಬಿಟ್ಟಿತ್ತು ಕಣೋ. ನುಂಗ್ಕೊಂಡೆ. ಬೆಟ್ಟದಲ್ಲಿ ಅಂದೆ."

ಮನೆಗೆ ಹೊರಡುವಾಗ ಮೆರಿಯಾನ ರಸ್ತೆಯ ಬದಿಗೆ ನಿಂತು ಸಾಲು ಕಟ್ಟಿಸಿದಳು. ಎಲ್ಲರಿಗಿಂತ ಹೊಸಬ ಯಾರೋ ಅವರು ಮುಂದಾಳಿನ ಬೆನ್ನಿಗೇ ಇರಬೇಕು, ಹೆದರಿದರೆ ಕಣ್ಣಿಗೊಂದು ಬೆನ್ನು ಬೇಕು ಎನ್ನುವುದು ಗುರುವಾರದವರ ಕಟ್ಟಳೆ. "ಜಾಸ್ಲಿನ್, ನೀನು ಮುಂದೆ," ಎಂದಳು ಮೆರಿಯಾನ, ತನ್ನ ಜಾಗವನ್ನೇ ಕೊಟ್ಟು. ಸಾಲಿನ ಉದ್ದಕ್ಕೂ ಕಣ್ಣು ಹಾಯಿಸಿ, ಪೂರ್ತಿ ಗಾಡಿಯ ಮೇಲೆ ಒಂದೇ ಬೆಳಗಿನ ಅನುಭವವಿದ್ದ ಮನುಷ್ಯನನ್ನು ಹುಡುಕಿ, ಬಸ್ಸಿನ ದನಿಯಲ್ಲಿ ಕರೆದಳು. "ಎರಲ್. ಬಾ ಇಲ್ಲಿ. ಅವಳ ಹಿಂದೆ."

ಅವನು ಎಲ್ಲರನ್ನೂ ದಾಟಿಕೊಂಡು, ಡಗಲ್‌ನ ಮುಖ ನೋಡದೆ, ಗಾಡಿಯನ್ನು ಮೊದಲ ಗೇರಿನಲ್ಲಿ ತೆವಳಿಸುತ್ತ ಬಂದು ಆ ಜಾಗದಲ್ಲಿ ನಿಂತ. ಜಾಸ್ಲಿನ್ ಕನ್ನಡಿಯಲ್ಲಿ ಅವನನ್ನು ನೋಡಿ, ಕನ್ನಡಿಯನ್ನು ಒಂಚೂರು ಸರಿಪಡಿಸಿಕೊಂಡಳು, ಕುರ್ಚಿಯಲ್ಲಿ ಕೂತ ಗಿರಾಕಿಯ ತಲೆಯನ್ನು ನೆಟ್ಟಗೆ ಮಾಡುವ ಹಾಗೆ. ಹೊರಟಳು. ಊರು ಮುಗಿದು ಏರು ಶುರುವಾಯಿತು. ಮೊದಲ ತಿರುವಿಗೆ ಅವಳ ಭುಜ ಬಾಗಿತು, ಅವನೂ ಬಾಗಿದ. ಎರಡನೆಯದಕ್ಕೆ ಬಾಗಿತು, ಬಾಗಿದ. ಮೂರನೆಯದರ ನಡುವೆ ಅವನ ಬಾಯಿಂದ ಒಂದು ಸದ್ದು ಹೊರಟಿತು. ಅಳುವಾಗಲಿ ನಗುವಾಗಲಿ ಅಲ್ಲ, ಜೋಕಾಲಿ ಅತ್ತ ತುದಿ ಮುಟ್ಟಿ ಇತ್ತ ತಿರುಗುವಾಗ ಮಕ್ಕಳು ಮಾಡುವ ಸದ್ದು. ಹೆಲ್ಮೆಟ್ಟಿನೊಳಗೆ ಅದು ಸುತ್ತಿ ಸುತ್ತಿ ಅವನ ಎರಡೂ ಕಿವಿಗೆ ಬಂತು. ಎದುರಿನ ಬೆನ್ನು ಇನ್ನೊಂದು ತಿರುವಿಗೆ ಸಿದ್ಧವಾಗುತ್ತಿತ್ತು. ಅವನು ಅದರಿಂದ ಕಣ್ಣು ಕೀಳಲಿಲ್ಲ.